ಹುಳದ ಮನೆಗೆ ಬಂದ ಹೂಗಳ್ಳಿ

ಶಿಡ್ಲಘಟ್ಟದಿಂದ ಚಿಂತಾಮಣಿ ಕಡೆಗೆ ಹೋಗುವ ಬಸ್ಸಿನಲ್ಲಿ ಸ್ವಲ್ಪ ದೂರ ಬಂದು ಇಳಿದು, ಹಿಪ್ಪುನೇರಳೆ ತೋಟಗಳ ನಡುವಿನ ದಾರಿ ಹಿಡಿದರೆ ಸಿಗುವ ಊರಿನಲ್ಲಿ ಆದಿಲಕ್ಷ್ಮಮ್ಮನ ಮನೆ ಯಾವುದೆಂದು ಯಾರನ್ನೂ ಕೇಳಬೇಕಾಗಿಲ್ಲ. ತಾರಸಿಯ ಅಂಚಿನುದ್ದಕ್ಕೂ ಮೈತುಂಬ ಮುಳ್ಳು, ತಲೆತುಂಬ ಹೂವು ಹೊತ್ತ ಕುಂಡದ ಗಿಡಗಳು ಸಾಲಾಗಿ ನಿಂತಿರುತ್ತವೆ. ಕೆಂಪು ಹೆಚ್ಚು, ನಡುನಡುವೆ ಗುಲಾಬಿ, ಕೆನೆ ಬಣ್ಣ. ನರ್ಸರಿಯವರು ಅದಕ್ಕೆ ಯೂಫೋರ್ಬಿಯಾ ಅನ್ನುತ್ತಾರೆ. ಶಿಡ್ಲಘಟ್ಟದ ಶಾಲೆಯಲ್ಲಿ ಟೀಚರ್ ಆಗಿರುವ ಸೊಸೆ ಲಾವಣ್ಯಳೂ ಹಾಗೇ ಅನ್ನುತ್ತಾಳೆ. ಆದಿಲಕ್ಷ್ಮಮ್ಮನ ಬಾಯಲ್ಲಿ ಮಾತ್ರ ಅದು ಮೊದಲಿನಿಂದಲೂ ಹೂಗಳ್ಳಿ.

ಯುಗಾದಿ ಕಳೆದು ಬಿಸಿಲು ಬಲಿತ ಮೇಲೆ ಅವಳು ಗಿಡ ಸವರಲು ಕೂರುತ್ತಾಳೆ. ಗಂಡನ ಹಳೆಯ ತುಂಬುತೋಳಿನ ಅಂಗಿ ತೊಟ್ಟು, ಓದುವ ಕನ್ನಡಕ ಹಾಕಿಕೊಂಡು, ಪಕ್ಕದಲ್ಲಿ ಒಂದು ಬಕೆಟ್ ನೀರು ಇಟ್ಟುಕೊಂಡು. ಕತ್ತರಿಸಿದ ಕಡೆ ಬೆಳ್ಳಗೆ ಹಾಲು ಉಕ್ಕುತ್ತದೆ. ಅದಕ್ಕೆ ನೀರು ಚಿಮುಕಿಸಿದರೆ ನಿಲ್ಲುತ್ತದೆ. ಕತ್ತರಿಸಿದ ಕಡ್ಡಿಗಳನ್ನು ತಕ್ಷಣ ನೆಡುವ ಹಾಗಿಲ್ಲ. ನೆರಳಲ್ಲಿ ಮಲಗಿಸಿ, ಗಾಯ ಒಣಗಿ ಗಟ್ಟಿಯಾದ ಮೇಲೆ, ಮರಳು ಇಟ್ಟಿಗೆ ಚೂರು ಬೆರೆಸಿದ ಮಣ್ಣಿಗೆ ಇಡಬೇಕು. ಮಣ್ಣು ಪೂರ್ತಿ ಒಣಗುವವರೆಗೂ ನೀರು ಹಾಕುವ ಹಾಗಿಲ್ಲ. ಕೇಳಲು ಬಂದವರಿಗೆಲ್ಲ ಅವಳು ಇದನ್ನು ಹೇಳುತ್ತಾಳೆ. ಅರವತ್ತರ ಹತ್ತಿರ ಬಂದಿರುವ ಅವಳಿಗೆ ಆ ಹಾಲಿನ ಹಸಿ ವಾಸನೆ ಮೂಗಿಗೆ ಬಡಿದಾಗಲೆಲ್ಲ ಎರಡು ಮನೆಗಳು ಕಣ್ಣ ಮುಂದೆ ಬರುತ್ತವೆ. ಒಂದು ಅಲೀಪುರದ ಮನೆ. ಇನ್ನೊಂದು ಇದೇ ಮನೆ, ಆದರೆ ಈಗಿನದಲ್ಲ. ಹೆಂಚು ಹೊದಿಸಿದ್ದ, ಒಳಗೆಲ್ಲ ರೇಷ್ಮೆಹುಳ ತುಂಬಿದ್ದ ಆಗಿನ ಮನೆ.

ಆದಿಲಕ್ಷ್ಮಮ್ಮನ ತವರು ಗೌರಿಬಿದನೂರು ತಾಲ್ಲೂಕಿನಲ್ಲಿ, ಅಲೀಪುರಕ್ಕೆ ಹೊಂದಿಕೊಂಡ ಸಣ್ಣ ಹಳ್ಳಿ. ಅಪ್ಪ ನಲ್ಲಪ್ಪನಿಗೆ ಒಂದಿಷ್ಟು ಹೊಲವೂ ಹಟ್ಟಿ ತುಂಬ ಎಮ್ಮೆಗಳೂ ಇದ್ದವು. ಬೆಳಗಾದರೆ ಅಲೀಪುರದ ಮನೆಗಳಿಗೆ ಹಾಲು ಹಾಕುವುದು ಅವನ ಕೆಲಸ. ಸೈಕಲ್ಲಿನ ಹಿಂದೆ ಹಾಲಿನ ಕ್ಯಾನು, ಮುಂದಿನ ಕಂಬಿಯ ಮೇಲೆ ಮಗಳು. ಗಲ್ಲಿಗಳಲ್ಲಿ ಅಷ್ಟು ಹೊತ್ತಿಗೇ ಹರಳು ಸಾಣೆ ಹಿಡಿಯುವ ಯಂತ್ರಗಳ ಗುಂಯ್ ಸದ್ದು ಶುರುವಾಗಿರುತ್ತಿತ್ತು.

ಹಾಲು ಹಾಕುವ ಮನೆಗಳಲ್ಲಿ ಕೊನೆಯದು ಸಕೀನಾ ಬಿ ಅವರದು. ಎತ್ತರದ ಹೆಂಗಸು, ಬಿಳಿ ದುಪಟ್ಟಾ, ನಗು ಮಾತ್ರ ಜೋರು. ಅವರ ಕಾಂಪೌಂಡ್ ಗೋಡೆಯ ಮೇಲೆ ತುಕ್ಕು ಹಿಡಿದ ಡಾಲ್ಡಾ ಡಬ್ಬಗಳ ಸಾಲು, ಪ್ರತಿ ಡಬ್ಬದಲ್ಲೂ ಒಂದೊಂದು ಹೂಗಳ್ಳಿ. ಮನೆಯ ಸುತ್ತ ಎಮ್ಮೆ, ಸಗಣಿ, ರಾಗಿ ಹುಲ್ಲು ಬಿಟ್ಟು ಬೇರೇನೂ ಕಾಣದೆ ಬೆಳೆದ ಹುಡುಗಿಗೆ, ತಿನ್ನುವುದಕ್ಕೂ ಅಲ್ಲದ, ದೇವರಿಗೂ ಇಡದ ಗಿಡವನ್ನು ಯಾರಾದರೂ ಸುಮ್ಮನೆ ನೋಡುವುದಕ್ಕೇ ಸಾಕುತ್ತಾರೆ ಅನ್ನುವುದೇ ಒಂದು ಬೆರಗು. ಒಂದು ದಿನ ಅಪ್ಪ ಹಾಲು ಅಳೆಯುತ್ತಿದ್ದಾಗ ಅವಳು ಮೆಲ್ಲಗೆ ಒಂದು ಎಲೆ ಕಿತ್ತಳು. ಕಿತ್ತ ಜಾಗದಿಂದ ಬಿಳಿ ಹನಿ ಬೆರಳಿಗೆ ಇಳಿಯಿತು. ಸಕೀನಾ ಬಿ ಓಡಿ ಬಂದು ಅವಳ ಮಣಿಕಟ್ಟು ಹಿಡಿದು ನಲ್ಲಿಯ ಹತ್ತಿರ ಎಳೆದುಕೊಂಡು ಹೋದರು.

"ಅರೆ ಬೇಟಿ, ನಿಮ್ಮಪ್ಪ ತರೋ ಹಾಲು ಬೇರೆ, ಇದರ ಹಾಲು ಬೇರೆ! ಇದು ಮೈಗೆ ತಾಗಿದ್ರೆ ಕೆರೆತ, ಕಣ್ಣಿಗೆ ಬಿದ್ರೆ ಉರಿ. ಬಿತ್ತು ಅಂದ್ಕೋ, ಉಜ್ಜಬೇಡ. ನೀರು ಹಾಕು. ಹಾಕ್ತಾನೇ ಇರು. ಸಮಝೀ?"

ಮದುವೆ ಗೊತ್ತಾಗಿ, ಕೊನೆಯ ಸಲ ಅಪ್ಪನ ಸೈಕಲ್ಲಿನಲ್ಲಿ ಅಲೀಪುರಕ್ಕೆ ಹೋದಾಗ, ಕಂಬಿಯ ಮೇಲೆ ಕೂರುವಷ್ಟು ಚಿಕ್ಕವಳಲ್ಲದ ಆದಿಲಕ್ಷ್ಮಿ ಹಿಂದೆ ಕ್ಯಾನು ಹಿಡಿದು ಕೂತಿದ್ದಳು. ಸಕೀನಾ ಬಿ ಒಳ್ಳೆಯದೊಂದು ಕೊಂಬೆ ಕತ್ತರಿಸಿ, ತುದಿಯನ್ನು ನೀರಲ್ಲಿ ಅದ್ದಿ, ಉರ್ದು ಪೇಪರಿನಲ್ಲಿ ಸುತ್ತಿ ಅವಳ ಕೈಗಿಟ್ಟರು. "ಅತ್ತೆ ಮನೇಲಿ ಕೆಲಸ ಜಾಸ್ತಿ ಇರತ್ತೆ, ನೀರು ಹಾಕೋದು ಮರ್ತ್‌ಹೋಗ್ತೀಯ. ಮರೆತರೂ ಇದು ಬದುಕತ್ತೆ. ಅದಕ್ಕೇ ಇದನ್ನ ಕೊಡ್ತಿರೋದು" ಅಂದರು.

ಹಾಗೆ ಆ ಕಡ್ಡಿ ಸೀರೆಗಳ ನಡುವೆ ಟ್ರಂಕಿನಲ್ಲಿ ಮಲಗಿ ಶಿಡ್ಲಘಟ್ಟದ ಸೀಮೆಗೆ ಬಂತು.

ಗಂಡ ಚನ್ನಕೇಶವನದು ಹುಳದ ಮನೆ. ಆಗ ಈಗಿನಂತೆ ಹುಳಕ್ಕೆ ಬೇರೆ ಶೆಡ್ಡು ಇರಲಿಲ್ಲ. ಹುಳ ನಡುಮನೆಯಲ್ಲಿ, ಮನುಷ್ಯರು ಜಗುಲಿಯಲ್ಲಿ. ಬಿದಿರಿನ ತಟ್ಟೆಗಳು ಸೂರಿನವರೆಗೂ ಏರಿರುತ್ತಿದ್ದವು. ಹುಳಕ್ಕೆ ಸೆಕೆಯಾದರೆ ಕಿಟಕಿ ತೆರೆಯಬೇಕು, ಚಳಿಯಾದರೆ ಕೆಂಡ ಇಡಬೇಕು. ಒಗ್ಗರಣೆ ಘಾಟು ಒಳಗೆ ಹೋಗಬಾರದು, ತಲೆಗೆ ಹೂ ಮುಡಿದು ಒಳಗೆ ಕಾಲಿಡಬಾರದು. ಈ ಎಲ್ಲ ಕಟ್ಟಳೆಗಳ ಒಡತಿ ಅತ್ತೆ ಅಕ್ಕಯ್ಯಮ್ಮ. ಮದನಪಲ್ಲಿ ಕಡೆಯಿಂದ ಈ ಮನೆಗೆ ಬಂದಿದ್ದ ಆಕೆಗೆ ಕನ್ನಡ ಚೆನ್ನಾಗಿಯೇ ಬರುತ್ತಿತ್ತು. ಸಿಟ್ಟು ಬಂದಾಗ ಮಾತ್ರ ತೆಲುಗು.

ಟ್ರಂಕು ಬಿಚ್ಚಿದ ದಿನ ಪೇಪರಿನ ಸುರುಳಿ ಆಕೆಯ ಕಣ್ಣಿಗೇ ಮೊದಲು ಬಿತ್ತು.

"ಏಮಿಟಮ್ಮಾ ಇದಿ?"

"ಹೂವಿನ ಗಿಡ ಅತ್ತೆ. ನಮ್ಮೂರಿಂದ ತಂದೆ."

ಅಕ್ಕಯ್ಯಮ್ಮ ಉಗುರಿನಿಂದ ಕಡ್ಡಿಯನ್ನು ಕೆರೆದು ನೋಡಿದಳು. ಬಿಳಿ ಹನಿ ಮೂಡಿತು. "ಅಯ್ಯೋ, ಜೆಮುಡು! ಹುಳ ಇರೋ ಮನೆಗೆ ಯಾರಾದ್ರೂ ಕಳ್ಳಿ ಹಾಲು ತರ್ತಾರೇನೇ? ನಿಮ್ಮ ಕಡೆ ಹುಳ ಸಾಕಲ್ವಾ?"

"ಎಮ್ಮೆ ಸಾಕ್ತೀವಿ."

ಆ ಉತ್ತರ ಕೇಳಿ ಜಗುಲಿಯಲ್ಲಿ ಕೂತಿದ್ದ ಚನ್ನಕೇಶವ ನಕ್ಕುಬಿಟ್ಟ. ಅಕ್ಕಯ್ಯಮ್ಮ ನಗಲಿಲ್ಲ. ಆದರೆ ಎಸೆಯಲೂ ಇಲ್ಲ. ಹೊಸ ಸೊಸೆಯ ಮೊದಲ ದಿನವೇ ರಂಪ ಯಾಕೆ ಅಂದುಕೊಂಡಳೋ ಏನೋ, ಬಚ್ಚಲುಮನೆಯ ಹಿಂದೆ, ತಿಪ್ಪೆಯ ಪಕ್ಕದಲ್ಲಿ ಇಟ್ಟುಕೊಳ್ಳಲು ಒಪ್ಪಿದಳು. ಒಡೆದ ಗಡಿಗೆಯ ತಳದಲ್ಲಿ ಆದಿಲಕ್ಷ್ಮಿ ಕಡ್ಡಿ ನೆಟ್ಟಳು.

ಗಿಡ ಹಿಡಿಯಿತು. ಮುಂದಿನ ಬೇಸಿಗೆಗೆ ಎರಡೆರಡೇ ಎಸಳಿನ ಕೆಂಪು ಹೂ ಬಿಟ್ಟಿತು. ಬೆಳಿಗ್ಗೆ ಎದ್ದು ನೀರೊಲೆಗೆ ಉರಿ ಹಾಕುವ ನೆಪದಲ್ಲಿ ಅವಳು ಅಲ್ಲಿಗೆ ಹೋಗಿ ಒಂದು ಗಳಿಗೆ ನಿಲ್ಲುತ್ತಿದ್ದಳು. ನಿಂತರೆ ಅಪ್ಪನ ಸೈಕಲ್ಲಿನ ಬೆಲ್ಲು, ಅಲೀಪುರದ ಗಲ್ಲಿಯ ತಿರುವು, ಸಕೀನಾ ಬಿ ಅವರ ನಗು ಎಲ್ಲ ಹತ್ತಿರ ಬಂದಂತಾಗುತ್ತಿತ್ತು. ಅಷ್ಟರಲ್ಲಿ ಹಿತ್ತಲ ಬಾಗಿಲಿಂದ ಕೂಗು ಬರುತ್ತಿತ್ತು. "ಕೈ ತೊಳ್ಕೊಂಡು ಬಾ. ಮೊಣಕೈವರೆಗೂ ತೊಳೀಬೇಕು." ಅವಳು ಸೀಗೆಪುಡಿ ಹಾಕಿ ಉಜ್ಜುವುದನ್ನು ಅಕ್ಕಯ್ಯಮ್ಮ ಬಾಗಿಲಲ್ಲಿ ನಿಂತು ನೋಡಿ, ಆಮೇಲೆಯೇ ಸೊಪ್ಪಿನ ಬುಟ್ಟಿ ಮುಟ್ಟಲು ಬಿಡುತ್ತಿದ್ದಳು.

ಕೆಲವು ವರ್ಷ ಹೀಗೇ ನಡೆಯಿತು. ಮಗ ಚೈತನ್ಯ ಹುಟ್ಟಿ ಇನ್ನೂ ಎದೆಹಾಲು ಕುಡಿಯುತ್ತಿದ್ದ ಒಂದು ಮಳೆಗಾಲದಲ್ಲಿ ಮೋಡ ಕವಿದುಕೊಂಡೇ ಇತ್ತು. ಸೊಪ್ಪು ಕೊಯ್ದರೆ ಒದ್ದೆ, ಹರಡಿದರೆ ಒಣಗದು. ಹುಳ ನಾಲ್ಕನೆಯ ಜ್ವರ ಕಳೆದು, ಅಂದರೆ ಕೊನೆಯ ಸಲ ಪೊರೆ ಬಿಟ್ಟು, ಬೆಳೆಯ ಅರ್ಧದಾರಿ ದಾಟಿತ್ತು. ಗೂಡು ಕಟ್ಟಿಸಲು ಚಂದ್ರಿಕೆಗಳನ್ನು ತಂದು ಗೋಡೆಗೆ ಒರಗಿಸಿಯೂ ಆಗಿತ್ತು. ಆಗ ಒಂದೊಂದೇ ಹುಳ ಸೊಪ್ಪು ಬಿಟ್ಟು ತಟ್ಟೆಯ ಅಂಚಿನಲ್ಲಿ ಅಲೆಯತೊಡಗಿತು. ಮೈ ಊದಿ ಮಿರಮಿರ ಮಿಂಚುತ್ತಿತ್ತು. ಅಕ್ಕಯ್ಯಮ್ಮ ಒಂದನ್ನು ಬೆರಳಲ್ಲಿ ಎತ್ತಿದಳು. ಚರ್ಮ ಹರಿದು ಬೆರಳ ಮೇಲೆ ಬೆಳ್ಳಗೆ ಇಳಿಯಿತು.

ಆ ರೋಗಕ್ಕೆ ಈ ಕಡೆ ಹಾಲುತೊಂಡೆ ಅಂತಲೇ ಹೆಸರು. ಹುಳ ಸಾಕುವವರೆಲ್ಲ ಕೇಳಿದ್ದೇ, ಕಂಡಿದ್ದೇ. ಆದರೆ ಅವತ್ತು ಅಕ್ಕಯ್ಯಮ್ಮ ತನ್ನ ಬೆರಳ ಮೇಲಿನ ಹಾಲನ್ನು ನೋಡಿದಳು, ಸೊಪ್ಪು ಹಿಡಿದು ನಿಂತಿದ್ದ ಸೊಸೆಯ ಕೈ ನೋಡಿದಳು. ಬೆರಳನ್ನು ಸೆರಗಿಗೆ ಒರೆಸಿಕೊಂಡು ಮುಂದಿನ ತಟ್ಟೆ ಎಳೆದಳು. ಬೈದಿದ್ದರೆ ಆದಿಲಕ್ಷ್ಮಿಗೆ ಎಷ್ಟೋ ವಾಸಿಯಿತ್ತು. ತಾನು ಕೈ ತೊಳೆದಿದ್ದೆನಲ್ಲ, ದಿನಾ ತೊಳೆದಿದ್ದೆನಲ್ಲ ಎಂದು ಅವಳು ಮನಸ್ಸಿನಲ್ಲೇ ಮತ್ತೆ ಮತ್ತೆ ಹೇಳಿಕೊಂಡಳು. ಕೊನೆಗೆ ನಿಜವಾಗಿಯೂ ತೊಳೆದಿದ್ದೆನೋ ಇಲ್ಲವೋ ಎಂದು ಅವಳಿಗೇ ಅನುಮಾನ ಬಂತು.

ಬೆಳೆ ಪೂರ್ತಿ ಕೈಕೊಟ್ಟಿತು. ಚನ್ನಕೇಶವ ಹೊಲದ ಮೂಲೆಯಲ್ಲಿ ಗುಂಡಿ ತೋಡಿ, ಹುಳವನ್ನೆಲ್ಲ ಸುರಿದು ಸುಣ್ಣ ಹಾಕಿ ಮುಚ್ಚಿ ಬಂದ. ಮನೆಯೊಳಗೆ ಹುಳ ಸೊಪ್ಪು ಕಡಿಯುವ ಸದ್ದು ನಿಂತುಹೋಗಿ, ಯಾರೋ ಊರು ಬಿಟ್ಟು ಹೋದಂತಿತ್ತು.

ಮಾರನೆಯ ಬೆಳಿಗ್ಗೆ ಆದಿಲಕ್ಷ್ಮಿ ಜಗುಲಿಯಲ್ಲಿ ಮಗುವಿಗೆ ಹಾಲು ಕುಡಿಸುತ್ತಿದ್ದಾಗ ಹಿತ್ತಲಿಂದ ಮಚ್ಚಿನ ಸದ್ದು ಕೇಳಿತು. ಏನೆಂದು ಅವಳಿಗೆ ತಕ್ಷಣ ಹೊಳೆಯಿತು. ಏಳಬೇಕು ಅನ್ನಿಸಿತು, ಏಳಲಿಲ್ಲ. ಹೋಗಿ ಏನು ಮಾಡುವುದು? ಮಗುವನ್ನು ಇನ್ನಷ್ಟು ಒತ್ತಿ ಹಿಡಿದು ಕೂತಳು. ಗಡಿಗೆ ಒಡೆದ ಸದ್ದು. ಇನ್ನೊಂದು ಏಟು. ಆಮೇಲೆ ಒಂದು ಚೀರು.

"ಅಮ್ಮಾ! ಕಣ್ಣು, ಕಣ್ಣು! ಆದೀ, ನನ್ ಕಣ್ಣು!"

ಮಗುವನ್ನು ಚಾಪೆಯ ಮೇಲೆ ಹಾಕಿ ಅವಳು ಓಡಿದಳು. ಅಕ್ಕಯ್ಯಮ್ಮ ಮಚ್ಚು ಬಿಸಾಕಿ, ಎರಡೂ ಅಂಗೈಯಿಂದ ಬಲಗಣ್ಣು ಉಜ್ಜುತ್ತ ನೆಲದಲ್ಲಿ ಕೂತುಬಿಟ್ಟಿದ್ದಳು. ಆದಿಲಕ್ಷ್ಮಿ ಆ ಕೈಗಳನ್ನು ಬಲವಂತವಾಗಿ ಬಿಡಿಸಿದಳು. ಮದುವೆಯಾಗಿ ಬಂದ ಮೇಲೆ ಅತ್ತೆಯ ಮೈಯನ್ನು ಹಾಗೆ ಹಿಡಿದದ್ದು ಅದೇ ಮೊದಲು.

"ಉಜ್ಜಬೇಡಿ ಅತ್ತೆ. ಉಜ್ಜಬಾರದು. ತಲೆ ಬಗ್ಗಿಸಿ."

ಬಚ್ಚಲಿನ ಹಂಡೆಯಲ್ಲಿ ತಣ್ಣೀರಿತ್ತು. ತನ್ನ ಕೈ ತೊಳೆದುಕೊಂಡು, ಚೊಂಬಿನಿಂದ ತೆಳ್ಳಗೆ ಧಾರೆ ಬಿಡುತ್ತ, ರೆಪ್ಪೆ ಬಿಡಿಸಿ ಹಿಡಿದು ತೊಳೆದಳು. ಹಂಡೆ ಬರಿದಾಯಿತು. ಬಾವಿಯಿಂದ ಸೇದಿ ಮತ್ತೆ ತೊಳೆದಳು. ಕೂಗು ಕೇಳಿ ಪಕ್ಕದ ಮನೆಯ ಆಂಜಿನಮ್ಮ ಬಂದು, ಜಗುಲಿಯಲ್ಲಿ ಅಳುತ್ತಿದ್ದ ಮಗುವನ್ನು ಎತ್ತಿಕೊಂಡು ಹಿತ್ತಲಿಗೇ ಬಂದಳು.

"ನೀರಿಗೆಲ್ಲಿ ಹೋಗ್ತೈತೆ ಅದು? ಎದೆಹಾಲು ನಾಲ್ಕು ಹನಿ ಬಿಡೇ ಆದಿ, ತಣ್ಣಗಾಗ್ತೈತೆ."

"ಒಂದು ಹಾಲಿಂದ ಆಗಿರೋದು ಸಾಕು ಆಂಜಿನಮ್ಮ, ಇನ್ನೊಂದು ಬೇಡ. ನೀವು ಅವರನ್ನ ಕರೀರಿ. ಆಸ್ಪತ್ರೆಗೆ ಹೋಗಣ."

ಬಸ್ಸಿನಲ್ಲಿ ಚಿಂತಾಮಣಿಗೆ ಕರೆದುಕೊಂಡು ಹೋದರು. ದಾರಿಯುದ್ದಕ್ಕೂ ಅಕ್ಕಯ್ಯಮ್ಮ ಒದ್ದೆ ಸೆರಗನ್ನು ಮುಖಕ್ಕೆ ಹಿಡಿದು, ಇನ್ನೊಂದು ಕೈಯಲ್ಲಿ ಸೊಸೆಯ ತೋಳು ಹಿಡಿದು ಕೂತಿದ್ದಳು. ಅಷ್ಟು ಹೊತ್ತಿಗೆ ಕಣ್ಣು ಊದಿ ಮುಚ್ಚಿಹೋಗಿತ್ತು. ಕಣ್ಣಿನ ಡಾಕ್ಟರು ಇನ್ನೊಮ್ಮೆ ಚೆನ್ನಾಗಿ ತೊಳೆಸಿ, ಬಣ್ಣದ ಹನಿ ಹಾಕಿ ದೀಪ ಬಿಟ್ಟು ನೋಡಿದರು. ಮೇಲಿನ ಪೊರೆ ಸುಟ್ಟಂತಾಗಿದೆ, ಮಾಯುತ್ತದೆ, ತಕ್ಷಣ ನೀರು ಹಾಕಿದ್ದು ಒಳ್ಳೆಯದಾಯಿತು ಅಂದರು. ಮುಲಾಮು ಹಚ್ಚಿ ಪಟ್ಟಿ ಕಟ್ಟಿ, ಬೆಳಕು, ಹೊಗೆ ಎರಡೂ ಬೇಡ ಎಂದು ಕಳಿಸಿದರು.

ಆ ವಾರವೇ ರೇಷ್ಮೆ ಇಲಾಖೆಯವರೊಬ್ಬರು ಊರಿಗೆ ಬಂದಿದ್ದರು. ಚನ್ನಕೇಶವ ಕೇಳಿದ್ದಕ್ಕೆ, ಹಾಲುತೊಂಡೆ ಬರುವುದು ಕಣ್ಣಿಗೆ ಕಾಣದ ವೈರಸ್ಸಿನಿಂದ, ಥಂಡಿ ಹವೆ, ಒದ್ದೆ ಸೊಪ್ಪು ಸೇರಿ ಜೋರಾಗುತ್ತದೆ, ತಿಪ್ಪೆ ಪಕ್ಕದ ಕಳ್ಳಿಗೂ ಅದಕ್ಕೂ ಸಂಬಂಧವಿಲ್ಲ ಎಂದು ಬಿಡಿಸಿ ಹೇಳಿದರು. ಅಕ್ಕಯ್ಯಮ್ಮ ಒಂದೇ ಕಣ್ಣಲ್ಲಿ ಅವರನ್ನು ನೋಡುತ್ತ ಕೇಳಿಸಿಕೊಂಡಳು. ಅವರು ಹೋದ ಮೇಲೆ, "ಹೇಳ್ತಾನೆ. ಅವನ ಮನೇಲಿ ಹುಳ ಐತೇನು?" ಅಂದಳು.

ಹುಳವಿಲ್ಲದ ನಡುಮನೆಯಲ್ಲಿ, ಕಿಟಕಿಗೆ ಗೋಣಿ ಕಟ್ಟಿ ಕತ್ತಲು ಮಾಡಿ, ಆಕೆಗೆ ಹಾಸಿಗೆ ಹಾಕಿದರು. ಜೀವಮಾನದಲ್ಲಿ ಹಗಲು ಮಲಗಿದ ಹೆಂಗಸಲ್ಲ ಆಕೆ. ಮಲಗಲೂ ಆಗದೆ, ಏಳಲೂ ಆಗದೆ ಒದ್ದಾಡಿದಳು. ಆದಿಲಕ್ಷ್ಮಿ ಹೊತ್ತುಹೊತ್ತಿಗೆ ಹನಿ ಹಾಕುತ್ತಿದ್ದಳು, ಮುದ್ದೆ ಮುರಿದು ಸಾರಲ್ಲಿ ಅದ್ದಿ ಕೈಗಿಡುತ್ತಿದ್ದಳು, ಉಳಿದ ಹೊತ್ತು ಮಗುವನ್ನು ತೊಡೆಯ ಮೇಲೆ ಹಾಕಿಕೊಂಡು ಅಲ್ಲೇ ಕೂರುತ್ತಿದ್ದಳು. ಗಿಡದ ಮಾತು ಇಬ್ಬರೂ ಎತ್ತಲಿಲ್ಲ. ಕಡಿದ ಚೂರುಗಳನ್ನು ಚನ್ನಕೇಶವ ಸನಿಕೆಯಲ್ಲಿ ಬಾಚಿ ಹೊಲದ ಅಂಚಿನ ಕಲ್ಲುಗುಪ್ಪೆಗೆ ಎಸೆದಿದ್ದು ಅವಳಿಗೆ ಗೊತ್ತಿತ್ತು. ಆ ಕಡೆ ಹೋಗಿ ನೋಡುವ ಮನಸ್ಸಾಗಿರಲಿಲ್ಲ.

ಒಂದು ಮಧ್ಯಾಹ್ನ ಹನಿ ಹಾಕಿಸಿಕೊಂಡು ಕಣ್ಣು ಮುಚ್ಚಿ ಮಲಗಿದ್ದ ಅಕ್ಕಯ್ಯಮ್ಮ ತಾನಾಗಿಯೇ ಮಾತು ತೆಗೆದಳು.

"ಹುಳ ಸತ್ತಿದ್ದಕ್ಕೆ ಅಲ್ಲ ಕಣಮ್ಮ ನಾನು ಕಡಿದಿದ್ದು. ಹುಳ ಮುಂಚೇನೂ ಸತ್ತೈತೆ, ಮುಂದೇನೂ ಸಾಯ್ತೈತೆ."

ಆದಿಲಕ್ಷ್ಮಿ ಹನಿಯ ಸೀಸೆಗೆ ಮುಚ್ಚಳ ತಿರುಗಿಸಿದಳು.

"ದಿನಾ ಬೆಳಿಗ್ಗೆ ಅದರ ಮುಂದೆ ಹೋಗಿ ನಿಲ್ತಿದ್ಯಲ್ಲ. ನಿಂತಾಗ ನಿನ್ನ ಮುಖ ಬೇರೆ ಥರ ಇರ್ತಿತ್ತು. ಒಳಗೆ ಬಂದ್ರೆ ಬೇರೆ ಥರ. ಈ ಹುಡುಗಿ ನಮ್ಮನೆಗೆ ಬಂದೂ ಇನ್ನೂ ಬಂದಿಲ್ಲ ಅನ್ನಿಸ್ತಿತ್ತು."

"ಹಾಗೇನಿಲ್ಲ ಅತ್ತೆ..."

"ಐತೆ ಬಿಡು. ನಾನು ಬಂದಾಗ ಇನ್ನೂ ಚಿಕ್ಕೋಳು. ಈ ಭಾಷೆ ಬರ್ತಿರಲಿಲ್ಲ. ಈ ತಟ್ಟೆಗಳ ಹಿಂದೆ ಹೋಗಿ ಅಳ್ತಿದ್ದೆ, ಹುಳ ಸೊಪ್ಪು ತಿನ್ನೋ ಸದ್ದಲ್ಲಿ ಯಾರಿಗೂ ಕೇಳ್ತಿರಲಿಲ್ಲ. ನಾನು ಬರೋವಾಗ ನಮ್ಮೂರಿಂದ ಏನೂ ತರಲಿಲ್ಲ. ತರಬಹುದು ಅಂತಾನೇ ಗೊತ್ತಿರಲಿಲ್ಲ." ಸೊಸೆಯ ಕಡೆ ಮಗ್ಗುಲಾಗಿ ಕೇಳಿದಳು. "ಅಷ್ಟು ಹೊತ್ತು ನಿಂತು ಅದರಲ್ಲಿ ಏನ್ ನೋಡ್ತಿದ್ದೆ?"

ಆದಿಲಕ್ಷ್ಮಿ ಹೇಳತೊಡಗಿದಳು. ಅಪ್ಪನ ಸೈಕಲ್ಲು, ಕಂಬಿ ಒತ್ತಿ ತೊಡೆ ಜೋಮು ಹಿಡಿಯುತ್ತಿದ್ದುದು, ಸಕೀನಾ ಬಿ ಮನೆಯ ಡಾಲ್ಡಾ ಡಬ್ಬಗಳು, ಮೊಹರಂ ಶೋಕದ ದಿನಗಳಲ್ಲಿ ಆ ಊರಿನ ಗಲ್ಲಿಗಳೆಲ್ಲ ಕಪ್ಪು ಬಟ್ಟೆ ತೊಟ್ಟು ಮೌನವಾಗುತ್ತಿದ್ದುದು, ಆಗ ಅಪ್ಪ ಬೆಲ್ಲು ಬಾರಿಸದೆ ಸೈಕಲ್ ತಳ್ಳಿಕೊಂಡೇ ಹೋಗಿ ಹಾಲು ಹಾಕುತ್ತಿದ್ದುದು. ಮದುವೆಯಾದ ಇಷ್ಟು ವರ್ಷದಲ್ಲಿ ಆ ಮನೆಯಲ್ಲಿ ಯಾರೂ ಕೇಳಿರದಿದ್ದ ಮಾತುಗಳು. ಮಗು ತೊಡೆಯ ಮೇಲೆ ನಿದ್ದೆ ಹೋಯಿತು. ಅಕ್ಕಯ್ಯಮ್ಮ ನಡುನಡುವೆ "ಊಂ" ಅನ್ನುತ್ತ ಕೇಳಿದಳು. ಕೊನೆಗೆ, "ನಿಮ್ಮಪ್ಪ ಒಳ್ಳೇ ಮನುಷ್ಯ" ಎಂದಷ್ಟೇ ಹೇಳಿ ಗೋಡೆ ಕಡೆ ತಿರುಗಿದಳು.

ಕಣ್ಣು ವಾಸಿಯಾಯಿತು. ಮಳೆಗಾಲ ಮುಗಿದ ಮೇಲೆ ಒಂದು ದಿನ ಅಕ್ಕಯ್ಯಮ್ಮ ಹೊಲದಿಂದ ಬರುವಾಗ ಸೊಪ್ಪಿನ ಹೊರೆಯನ್ನು ಅಂಗಳದಲ್ಲಿ ಇಳಿಸಿ, ನೆತ್ತಿಯ ಸಿಂಬಿಯನ್ನೂ ತೆಗೆಯದೆ ಸೊಸೆಯನ್ನು ಕೂಗಿದಳು. "ಬಾರೇ ಇಲ್ಲಿ. ನಿನ್ನ ಜೆಮುಡು ಸಾವಲೇದು!" ಕಲ್ಲುಗುಪ್ಪೆಯ ಸಂದುಗಳಲ್ಲಿ, ಎಸೆದ ಚೂರುಗಳು ಬೇರು ಬಿಟ್ಟು, ಹಸಿರು ಎಲೆ ಚಿಗುರಿಸಿಕೊಂಡು ಅಲ್ಲಲ್ಲಿ ನಿಂತಿದ್ದವು. ಒಂದರಲ್ಲಿ ಆಗಲೇ ಮೊಗ್ಗು. ಆದಿಲಕ್ಷ್ಮಿ ಕಲ್ಲಿನ ಮೇಲೆ ಕುಕ್ಕರಗಾಲಲ್ಲಿ ಕೂತು ಅತ್ತಳು. ಅಕ್ಕಯ್ಯಮ್ಮ ಪಕ್ಕದಲ್ಲಿ ನಿಂತು, "ಅಳೋದಕ್ಕೇನೈತೆ ಇದರಲ್ಲಿ?" ಎಂದು ಗದರಿದಳು. ಆದರೆ ಅವಸರ ಮಾಡಲಿಲ್ಲ.

ಹುಳದ ಮನೆಯ ಹತ್ತಿರ ಬೇಡ ಅನ್ನುವ ಹಟ ಆಕೆ ಬಿಡಲಿಲ್ಲ. ಬಾವಿಯ ಆಚೆ ಕಡೆ ಚನ್ನಕೇಶವನಿಂದ ಚಪ್ಪಡಿ ಹಾಸಿಸಿ, ಅಲ್ಲಿ ಇಡಿಸಿದಳು. ಮೊದಮೊದಲು ದೂರದಿಂದ ನೋಡುತ್ತಿದ್ದವಳು, ಆಮೇಲೆ ಒಣಗಿದ ಎಲೆ ಆರಿಸತೊಡಗಿದಳು. ಆಮೇಲಾಮೇಲೆ, ಗಿಡ ಚೆನ್ನಾಗಿದೆ ಎಂದು ಯಾರಾದರೂ ನಿಂತು ನೋಡಿದರೆ, ಕಡ್ಡಿ ಕತ್ತರಿಸಿ, ನೀರಲ್ಲಿ ಅದ್ದಿ, ಕಾಗದದಲ್ಲಿ ಸುತ್ತಿ ಆಕೆಯೇ ಕೊಡುತ್ತಿದ್ದಳು. "ನಮ್ಮನೆ ಗಿಡ. ಎಷ್ಟು ವರ್ಷದಿಂದ ಸಾಕ್ತಿದ್ದೀನಿ! ಹಾಲು ಮಾತ್ರ ಕಣ್ಣಿಗೆ ಬೀಳಬಾರದು ನೋಡು, ಬಿದ್ರೆ ಉಜ್ಜಬೇಡ" ಅನ್ನುತ್ತಿದ್ದಳು. ಹಿಂದೆ ನಿಂತ ಆದಿಲಕ್ಷ್ಮಿ ಸೆರಗು ಬಾಯಿಗೆ ಹಿಡಿದು ನಗುತ್ತಿದ್ದಳು. ನಲ್ಲಪ್ಪ ತೀರಿಕೊಂಡಾಗ, ಹದಿಮೂರನೆಯ ದಿನ ಮುಗಿಸಿ ಗೌರಿಬಿದನೂರಿನಿಂದ ಹಿಂದಿರುಗಿದ ಸೊಸೆಗೆ ಅಕ್ಕಯ್ಯಮ್ಮ ಬಿಸಿನೀರು ಕಾಯಿಸಿ ತಲೆಗೆ ಎರೆದು, "ಹೋಗು, ಬಾವಿ ಕಡೆ ಒಂದ್ಗಳಿಗೆ ಕೂತಿರು. ಸೊಪ್ಪು ನಾನು ಹಾಕ್ತೀನಿ" ಅಂದಳು.

ಅಕ್ಕಯ್ಯಮ್ಮ ಹೋಗಿ ಎಷ್ಟೋ ವರ್ಷವಾಯಿತು. ಹೆಂಚಿನ ಮನೆ ತಾರಸಿ ಮನೆಯಾಯಿತು. ಚೈತನ್ಯ ತೋಟದಲ್ಲಿ ಶೆಡ್ಡು ಕಟ್ಟಿಸಿ, ಅಲ್ಲೇ ಹುಳ ಸಾಕುತ್ತಾನೆ. ಮನೆಯೊಳಗೆ ಈಗ ಒಗ್ಗರಣೆ ಹಾಕಬಹುದು, ಹೂ ಮುಡಿಯಬಹುದು. ಯಾರೂ ಗದರುವವರಿಲ್ಲ. ಆ ಗದರಿಕೆ ಇಲ್ಲದ ಬೆಳಗುಗಳಲ್ಲಿ ಆದಿಲಕ್ಷ್ಮಮ್ಮನಿಗೆ ಏನೋ ಕಡಿಮೆ ಅನ್ನಿಸುತ್ತದೆ.

ಕಳೆದ ಬೇಸಿಗೆ ಲಾವಣ್ಯ ಸ್ಕೂಟರಿನಲ್ಲಿ ಅತ್ತೆಯನ್ನು ಚಿಕ್ಕಬಳ್ಳಾಪುರದ ಹತ್ತಿರದ ನರ್ಸರಿಗೆ ಕರೆದುಕೊಂಡು ಹೋದಳು. ಅಲ್ಲಿ ಅಂಗೈಯಗಲ ಗೊಂಚಲಿನ ಹೊಸ ಜಾತಿಯ ಹೂಗಳ್ಳಿ. ಎಲ್ಲವನ್ನೂ ಸುತ್ತಿ ನೋಡಿ ಆದಿಲಕ್ಷ್ಮಮ್ಮ ಹಳದಿ ಬಣ್ಣದ್ದೊಂದನ್ನು ಆರಿಸಿದಳು. ವಾಪಸ್ ಬರುವಾಗ ಗುಂಡಿ ಸಿಕ್ಕಾಗಲೆಲ್ಲ ಮುಳ್ಳು ಲಾವಣ್ಯಳ ಬೆನ್ನಿಗೆ ಚುಚ್ಚಿ, ಅವಳು "ಅಮ್ಮಾ, ಸ್ವಲ್ಪ ಹಿಂದೆ ಹಿಡ್ಕೊಳಿ!" ಎಂದು ಕೂಗುತ್ತ, ಇಬ್ಬರೂ ನಗುತ್ತ ಊರು ಮುಟ್ಟಿದರು.

ವಾರ ಕಳೆಯುವುದರೊಳಗೆ ಆ ಗಿಡ ಎಲೆಯನ್ನೆಲ್ಲ ಉದುರಿಸಿ ಬರೀ ಮುಳ್ಳಾಗಿ ನಿಂತಿತು. ಲಾವಣ್ಯಳಿಗೆ ಗಾಬರಿ. ಶಾಲೆಯಿಂದ ಬಂದವಳೇ ನೀರಿನ ಜಗ್ಗು ಹಿಡಿದು ತಾರಸಿಗೆ ಹೊರಟಳು. ಆದಿಲಕ್ಷ್ಮಮ್ಮ ಮೆಟ್ಟಿಲಲ್ಲೇ ತಡೆದಳು.

"ಬೇಡಮ್ಮ. ಈಗ ನೀರು ಜಾಸ್ತಿ ಆದ್ರೆ ಬೇರು ಕೊಳೆಯುತ್ತೆ. ಸುಮ್ನೆ ಬಿಟ್ಟುಬಿಡು."

"ಸತ್ತೋಗಲ್ವಾ?"

"ಇಲ್ಲಮ್ಮ. ಜಾಗ ಹೊಸದಲ್ವಾ ಅದಕ್ಕೆ."

ಜಗ್ಗನ್ನು ಪಕ್ಕಕ್ಕಿಟ್ಟು ಅತ್ತೆ ಸೊಸೆ ಮೆಟ್ಟಿಲ ಮೇಲೆ ಕೂತರು. ತೋಟದ ಕಡೆಯಿಂದ ಚೈತನ್ಯ ಸೊಪ್ಪಿನ ಕಟ್ಟು ಬೈಕಿಗೆ ಬಿಗಿದುಕೊಂಡು ಶೆಡ್ಡಿಗೆ ಹೋಗುತ್ತಿದ್ದುದು ಕಾಣುತ್ತಿತ್ತು. ಬಿಸಿಲು ಇಳಿಯುತ್ತಿತ್ತು. ಲಾವಣ್ಯ ಚಪ್ಪಲಿ ಕಳಚಿ ಕಾಲು ಚಾಚಿದಳು. "ನಮ್ಮಮ್ಮನ ಮನೇಲಿ ಮೆಟ್ಟಿಲ ಪಕ್ಕದಲ್ಲೇ ಒಂದು ಸೀಬೆ ಮರ ಇತ್ತು ಗೊತ್ತಾ" ಎಂದು ಶುರು ಮಾಡಿದಳು. ಆದಿಲಕ್ಷ್ಮಮ್ಮ ಅವಳ ಕಡೆ ತಿರುಗಿ ಕೂತು, "ಹೇಳಮ್ಮ" ಅಂದಳು.